ಊಟ ಆದ ಮೇಲೆ ಹೇಳುವ ಸುದ್ದಿ

ಈ ಕೆಲಸಕ್ಕೆ ಈಗ ಸೇರುವವರಿಗೆ ಮೊದಲ ದಿನವೇ ಲ್ಯಾಪ್‌ಟಾಪ್ ಕೊಡುತ್ತಾರೆ. ನನಗೆ ಕೊಟ್ಟದ್ದು ಒಂದು ಮಡಚುವ ಕುರ್ಚಿ.

ನನ್ನ ದುಡಿಮೆಯ ಕಡೆಯ ಹದಿನೆಂಟು ವರ್ಷ ಹಾವೇರಿಯ ಒಂದು ಸಣ್ಣ ಸೇವಾಸಂಸ್ಥೆಯಲ್ಲಿ ಕಳೆದವು. ಅದಕ್ಕೂ ಮೊದಲು ಒಂದು ಮುದ್ರಣಾಲಯದಲ್ಲಿ ಪುಟ ಜೋಡಿಸುತ್ತಿದ್ದೆ. ಊರಿನ ಓಣಿಗಳಲ್ಲಿ ಜನ ಒಬ್ಬರಿಗೊಬ್ಬರು ಆಗುವುದಕ್ಕೆ ಅನುಕೂಲವಾಗುವಂಥ ಸಾಧನಗಳನ್ನು ಮೊದಲು ಕಂಪ್ಯೂಟರಿಗೆ, ಆಮೇಲೆ ಮೊಬೈಲಿಗೆ ರೂಪಿಸುವುದು ಸಂಸ್ಥೆಯ ಕೆಲಸ. ಯಾವ ಪರದೆಯ ಮೇಲೆ ಏನು ಬರಬೇಕು, ಯಾವ ಗುಂಡಿ ಒತ್ತಿದರೆ ಯಾರಿಗೆ ಸುದ್ದಿ ಮುಟ್ಟಬೇಕು ಎಂದು ಕಾಗದದ ಮೇಲೆ ಬರೆದು ಕೊಡುವವನು ನಾನು. ಅದನ್ನು ಯಂತ್ರಕ್ಕೆ ತಿಳಿಯುವಂತೆ ಬರೆಯುವ ಎಂಜಿನಿಯರುಗಳು ಬೇರೆ ಇದ್ದರು. ನಾನು ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದರಿಂದ ಹೊಸದಾಗಿ ಸೇರುವ ನಿಮಗೆ ಪ್ರಯೋಜನವಿಲ್ಲ. ನಾನು ಮಾಡಿದ ಒಂದು ತಪ್ಪಿನಿಂದ ಇದೆ. ಅದನ್ನು ಕ್ರಮವಾಗಿ ಬರೆಯುತ್ತೇನೆ.

ಸಂಸ್ಥೆಯ ಮುಖ್ಯಸ್ಥೆ ದೇಸಾಯಿ ಮೇಡಂ. ಸೇರಿದ ದಿನ ಅವರು ಕುರ್ಚಿಯನ್ನು ನನ್ನ ಕೈಗೆ ಕೊಟ್ಟು, "ರಾಣೆಬೆನ್ನೂರಿಗೆ ಹೋಗ್ರಿ. ಒಂದು ಓಣಿ ಹಿಡೀರಿ. ಎಂಟು ದಿನ ಅಲ್ಲೇ ಕುಂದ್ರಿ. ಏನೂ ಕೇಳಬ್ಯಾಡ್ರಿ. ಆಮ್ಯಾಲೆ ಬಂದು ಪೆನ್ಸಿಲ್ ಹಿಡೀರಿ" ಎಂದರು.

ನಾನು ಹೊಸರಿತ್ತಿಯ ವಸತಿ ಶಾಲೆಯಲ್ಲಿ ಓದಿದವನು. ಗಂಟೆ ಬಾರಿಸಿದರೆ ಏಳುವುದು, ಗಂಟೆ ಬಾರಿಸಿದರೆ ಚರಕದಲ್ಲಿ ನೂಲುವುದು, ಗಂಟೆ ಬಾರಿಸಿದರೆ ಉಣ್ಣುವುದು. ಈಗಲೂ ನನ್ನ ಮಧ್ಯಾಹ್ನದ ಊಟ ಹನ್ನೆರಡೂವರೆಗೆ, ಎರಡೇ ರೊಟ್ಟಿ. ಅಂಥವನಿಗೆ ಎಂಟು ದಿನ ಸುಮ್ಮನೆ ಕೂರುವುದು ಶಿಕ್ಷೆಯೇ. ಎರಡನೆಯ ದಿನ ಒಬ್ಬ ಮುದುಕಿ ಬಂದು, "ಯಪ್ಪಾ, ಮನ್ಯಾಗ ಜಗಳಾಡಿ ಬಂದಿಯೇನು?" ಎಂದು ಕೇಳಿದಳು. ನಾಲ್ಕನೆಯ ದಿನ ಅದೇ ಮುದುಕಿ ಮೊಮ್ಮಗನನ್ನು ನನ್ನ ಮುಂದೆ ಬಿಟ್ಟು, "ನೀ ಹ್ಯಾಂಗೂ ಖಾಲಿ ಕುಂತೀದಿ, ಇವನ್ನ ನೋಡ್ಕೋ" ಎಂದು ಸಂತೆಗೆ ಹೋದಳು. ಎಂಟನೆಯ ದಿನಕ್ಕೆ ಆ ಓಣಿಯಲ್ಲಿ ನೀರು ಬರುವ ಸುದ್ದಿ ಹೇಗೆ ಹರಡುತ್ತದೆ, ಯಾರ ಮನೆಯ ಕಟ್ಟೆಯ ಮೇಲೆ ಯಾರು ಕೂರುವುದಿಲ್ಲ, ಎಲ್ಲ ಗೊತ್ತಾಗಿತ್ತು. ಹಿಂತಿರುಗಿ ನಾನು ಬರೆದ ಮೊದಲ ಪರದೆಯನ್ನು ಮೇಡಂ ಕೆಂಪು ಪೆನ್ಸಿಲಿನಿಂದ ತಿದ್ದಿ ಮೂರು ಸಲ ವಾಪಸು ಕೊಟ್ಟರು. ನಾಲ್ಕನೆಯ ಸಲ ಒಪ್ಪಿದರು.

ಹೀಗೆ ವರ್ಷಗಳ ಮೇಲೆ ಹುಟ್ಟಿದ್ದು ಓಣಿಕಟ್ಟೆ. ಪ್ರತಿ ಓಣಿಗೂ ಮೊಬೈಲಿನಲ್ಲಿ ಒಂದು ಕಟ್ಟೆ. ನೀರು ಯಾವತ್ತು ಬರುತ್ತದೆ, ಯಾರಿಗೆ ರಕ್ತ ಬೇಕಾಗಿದೆ, ಯಾರ ಕೀಲಿಕೈ ಕಳೆದಿದೆ, ಯಾರ ಮನೆಯಲ್ಲಿ ತೊಟ್ಟಿಲು, ಇವೆಲ್ಲ ಅದರಲ್ಲಿ ಬರುತ್ತಿದ್ದವು. ಓಣಿಗೊಬ್ಬರು ಸುದ್ದಿ ಹಾಕುವವರು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರು ಊರುಗಳಲ್ಲಿ ಶುರುವಾದದ್ದು ಆಮೇಲೆ ಹಳ್ಳಿಗಳಿಗೂ ಹೋಯಿತು.

ಅದರಲ್ಲಿ ನನ್ನದೇ ಎಂದು ನಾನು ಹೆಮ್ಮೆಪಟ್ಟ ಭಾಗ ಒಂದಿತ್ತು. ಓಣಿಯಲ್ಲಿ ಇರುವವರಷ್ಟೇ ಸದಸ್ಯರು ಎಂದು ಮೊದಲಿನ ನಿಯಮ. ಒಂದು ದಿನ ನನ್ನ ಹೆಂಡತಿ ಗಿರಿಜಾ, "ನಾ ಹುಟ್ಟಿದ ಓಣಿ ಕುಪ್ಪೇಲೂರದಾಗ ಐತಿ. ನಾ ಅಲ್ಲೀಯಾಕಿ ಅಲ್ಲೇನು?" ಎಂದಳು. ಅವಳ ಅಣ್ಣ ವೀರಭದ್ರಪ್ಪ ಈಗಲೂ ಅದೇ ಓಣಿಯಲ್ಲಿದ್ದ. ಆಗ ನಾನು ತವರಿನ ಪಟ್ಟಿ ಎಂದು ಒಂದನ್ನು ಸೇರಿಸಿದೆ. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳು ಹುಟ್ಟಿದ ಓಣಿಯ ಕಟ್ಟೆಗೆ ಸದಸ್ಯರಾಗಬಹುದು, ಅಲ್ಲಿನ ಎಲ್ಲ ಸುದ್ದಿ ಅವರಿಗೂ ಮುಟ್ಟುತ್ತದೆ. ಮೊದಲ ಹೆಸರು ಗಿರಿಜಾಳದು. ತವರಿನ ಪಕ್ಕದ ಮನೆಯ ಎಮ್ಮೆ ಈದ ಸುದ್ದಿ ಓದಿ ಅವಳು ಒಂದು ಇಡೀ ದಿನ ಖುಷಿಯಲ್ಲಿದ್ದಳು. ಕೆಲವೇ ತಿಂಗಳಲ್ಲಿ ಓಣಿಯೊಳಗಿನವರಷ್ಟೇ ಹೆಸರು ತವರಿನ ಪಟ್ಟಿಯಲ್ಲೂ ಆದವು.

ಇನ್ನೊಂದು ಭಾಗ ನಿಧನವಾರ್ತೆ. ಜನ ಎಲ್ಲಕ್ಕಿಂತ ಹೆಚ್ಚು ನೋಡುತ್ತಿದ್ದದ್ದು ಅದನ್ನೇ. ಹೆಸರು, ಸಮಯ, ಮಣ್ಣು ಮಾಡುವುದು ಎಷ್ಟು ಗಂಟೆಗೆ ಎಂದು ಮೂರು ಸಾಲು ಬರೆದು ಗುಂಡಿ ಒತ್ತಿದರೆ ಎರಡು ನಿಮಿಷದಲ್ಲಿ ಓಣಿಗೆಲ್ಲ ಮುಟ್ಟುತ್ತಿತ್ತು. ಮೊದಲಾದರೆ ಅರ್ಧ ದಿನ ಹಿಡಿಯುತ್ತಿದ್ದ ಕೆಲಸ. ಆ ಎರಡು ನಿಮಿಷವನ್ನು ನಾನು ಸಭೆಗಳಲ್ಲಿ ಹೇಳಿಕೊಂಡು ತಿರುಗಿದ್ದೇನೆ. ಈ ಎರಡು ಭಾಗಗಳು ಒಂದನ್ನೊಂದು ಕೂಡುವ ಜಾಗದಲ್ಲಿ ಏನಾಗುತ್ತದೆ ಎಂದು ನಾನು ಯೋಚಿಸಿರಲಿಲ್ಲ. ಅಷ್ಟು ಹೊತ್ತಿಗೆ ನಾವು ಓಣಿಗೆ ಹೋಗಿ ಕೂರುವುದನ್ನು ಬಿಟ್ಟಿದ್ದೆವು. ಯಾರು ಎಷ್ಟು ಸಲ ಯಾವ ಗುಂಡಿ ಒತ್ತಿದರು ಎಂದು ಯಂತ್ರವೇ ಗೆರೆ ಎಳೆದು ತೋರಿಸುತ್ತಿತ್ತು. ಕುರ್ಚಿ ಕಪಾಟಿನ ಮೇಲೆ ಹೋಗಿತ್ತು.

ಒಂದು ಮಧ್ಯಾಹ್ನ ಕಚೇರಿಗೆ ಒಬ್ಬ ಹೆಣ್ಣುಮಗಳು ಬಂದಳು. ಮೂವತ್ತೈದರ ಆಸುಪಾಸು. ಹೆಸರು ಶಕುಂತಲಾ, ಕುಪ್ಪೇಲೂರಿನ ಅಂಗನವಾಡಿ ಶಿಕ್ಷಕಿ, ತವರು ಬ್ಯಾಡಗಿ ಎಂದು ಹೇಳಿದಳು. ಮೇಡಂ ಮತ್ತು ನಾನು ಇಬ್ಬರೂ ಇದ್ದೆವು. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ.

"ಇದನ್ನ ಮಾಡಿದವರು ಯಾರ್ರಿ?" ಎಂದು ಮೊಬೈಲ್ ತೋರಿಸಿದಳು.

"ನಾನ್ರಿ" ಎಂದೆ.

"ನಮ್ಮಪ್ಪ ತೀರಿಕೊಂಡದ್ದು ನನಗ ಯಾರೂ ಹೇಳಲಿಲ್ರಿ ಸರ್. ನಾ ಓದಿಕೊಂಡೆ."

ನಡೆದದ್ದು ಇಷ್ಟು. ಹದಿನೈದು ದಿನದ ಹಿಂದೆ ಬೆಳಿಗ್ಗೆ ಅವಳು ಒಂದು ಸಭೆಗೆಂದು ಕುಪ್ಪೇಲೂರಿನಿಂದ ರಾಣೆಬೆನ್ನೂರಿನ ಬಸ್ಸು ಹತ್ತಿದ್ದಳು. ಚಹ ಕುಡಿದಿದ್ದಳು, ಅಷ್ಟೇ. ಅವಳು ಬಸ್ಸಿನಲ್ಲಿದ್ದಾಗ ಬ್ಯಾಡಗಿಯಲ್ಲಿ ತಂದೆ ಚನ್ನಬಸಪ್ಪ ತೀರಿಕೊಂಡರು. ಅಣ್ಣ ಪದ್ಧತಿಯಂತೆ ಇಬ್ಬರನ್ನು ಮೋಟಾರ್ ಸೈಕಲ್ಲಿನ ಮೇಲೆ ಕುಪ್ಪೇಲೂರಿಗೆ ಕಳಿಸಿದ. ಅವರು ಊರು ದಾಟುವ ಮೊದಲೇ ಓಣಿಯಲ್ಲಿ ಸುದ್ದಿ ಹಾಕುವ ಅಂಗಡಿಯವನು, ಒಳ್ಳೆಯ ಮನುಷ್ಯ, ಮೂರು ಸಾಲು ಬರೆದು ಗುಂಡಿ ಒತ್ತಿದ. ತವರಿನ ಪಟ್ಟಿಯಲ್ಲಿ ಶಕುಂತಲಾಳ ಹೆಸರಿತ್ತು.

ಅವಳು ಆ ಪರದೆಯನ್ನು ಹಾಗೇ ಇಟ್ಟುಕೊಂಡಿದ್ದಳು. ಮೇಲೆ, ನಾಳೆ ನೀರು ಬರುತ್ತದೆ ಎಂಬ ಸುದ್ದಿ. ಕೆಳಗೆ, ಯಾರದೋ ಕೀಲಿಕೈ ಗೊಂಚಲು ಸಿಕ್ಕಿದೆ ಎಂಬ ಸುದ್ದಿ. ನಡುವೆ ಅವಳ ತಂದೆ. ತಂದೆಯ ಹೆಸರಿನ ಕೆಳಗೆ ಯಾರೋ ಕೈಮುಗಿದ ಚಿತ್ರ ಹಾಕಿದ್ದರು, ಒಬ್ಬರು ತಪ್ಪಿ ಹೆಬ್ಬೆರಳು ಎತ್ತಿದ್ದರು.

"ಬಸ್ಸಿನ್ಯಾಗ ನನ್ನ ಬಾಜೂಕ ಕುಂತವರು ಯಾರಂತ ನನಗ ಗೊತ್ತಿಲ್ಲ. ಅವರಿಗೆ ಏನಂತ ಹೇಳಲಿ? ಕೈಯಾಗ ಸಭಾದ ಫೈಲ್ ಹಿಡಕೊಂಡು ರಾಣೆಬೆನ್ನೂರಾಗ ಇಳದೆ. ಮತ್ತೊಂದು ಬಸ್ ಹತ್ತಿದೆ. ಒಬ್ಬಾಕಿನ ಬಂದೆ. ನಮ್ಮ ಓಣಿಯವರು ನನ್ನ ಆಟೋದಾಗಿಂದ ಇಳದದ್ದು ನೋಡಿ, ಈಕಿ ಹಿಂದ ಯಾರೂ ಇಲ್ಲಲ್ಲ ಅಂತ ನಿಂತಬಿಟ್ಟರು."

ಮೇಡಂ ನೀರು ಕೊಟ್ಟರು. ಅವಳು ಲೋಟ ಹಿಡಿದುಕೊಂಡೇ ಹೇಳಿದಳು. "ಹಿಂದಿನ ದಿವಸ ರಾತ್ರಿ ಉಂಡದ್ದು. ಸಂಜೀಕ ಅಪ್ಪನ್ನ ಎತ್ತೂಮುಂದ ನನಗ ಎಚ್ಚರಿರಲಿಲ್ಲ. ಕಣ್ಣ ತೆರದಾಗ ಅಂಗಳಾ ಖಾಲಿ ಆಗಿತ್ತು."

ಅವಳು ಮೊಬೈಲನ್ನು ನನ್ನ ಮುಂದೆ ಹಿಡಿದಳು.

"ನನ್ನ ಹೆಸರು ತಗೀರಿ ಸರ್. ಅವ್ವ ಇನ್ನ ಅದಾಳ."

ಆ ಕಡೆಯ ಮಾತು ಹೇಳುವಾಗ ಅವಳು ನನ್ನ ಮುಖ ನೋಡಿದಳು. ನಾನು ಅವಳ ಎದುರಿಗೇ ಹೆಸರು ತೆಗೆದೆ. ಅವಳು ಲೋಟವನ್ನು ಮೇಜಿನ ಮೇಲಿಟ್ಟು ಹೋದಳು. ನೀರು ಕುಡಿದಿರಲಿಲ್ಲ.

ಮೇಡಂ ಆ ಲೋಟವನ್ನು ತೆಗೆದು ಪಕ್ಕಕ್ಕಿಟ್ಟರು. ಆಮೇಲೆ, "ಕುರ್ಚಿ ಎಲ್ಲಿ ಐತಿ?" ಎಂದು ಕೇಳಿದರು.

ನಿಧನವಾರ್ತೆಯ ಭಾಗವನ್ನು ಅಂದೇ ನಿಲ್ಲಿಸಿದೆವು. ಎಂಜಿನಿಯರುಗಳು ತವರಿನ ಪಟ್ಟಿಗೆ ಮಾತ್ರ ಆ ಸುದ್ದಿ ಹೋಗದಂತೆ ಮಾಡೋಣ, ಒಂದು ತಾಸಿನ ಕೆಲಸ ಎಂದರು. ನನಗೂ ಅದು ಸರಿ ಅನ್ನಿಸಿತು. ಮೇಡಂ ಒಪ್ಪಲಿಲ್ಲ. "ಮಗಳಿಗೆ ಸುದ್ದೀನ ಮುಟ್ಟದಂಗ ಮಾಡೂದು ಉಪಾಯ ಏನ್ರಿ? ಹೆಂಗ ಮುಟ್ಟಬೇಕು ಅನ್ನೂದು ತಿಳಕೊಂಡು ಬರ್ರಿ. ಒಂದು ತಿಂಗಳು ಕೊಡತೇನಿ. ಆಗಲಿಲ್ಲಂದ್ರ ಆ ಭಾಗಾನ ಕಿತ್ತ ಒಗಿಯೂಣು." ನಾನು ಕುರ್ಚಿಯ ಧೂಳು ಒರೆಸಿಕೊಂಡು ಬ್ಯಾಡಗಿಗೆ ಹೋದೆ.

ಅಂದು ಕುಪ್ಪೇಲೂರಿಗೆ ಹೋಗಿ, ಬೀಗ ಹಾಕಿದ ಬಾಗಿಲು ನೋಡಿ ಬಂದವರಲ್ಲಿ ಒಬ್ಬ ಫಕ್ಕೀರಪ್ಪ. ಎಪ್ಪತ್ತರ ಹತ್ತಿರದವ. ಆ ಓಣಿಯಲ್ಲಿ ಯಾರೇ ತೀರಿಕೊಂಡರೂ ಹೊರಗಿನ ಊರುಗಳ ನೆಂಟರಿಗೆ ಸುದ್ದಿ ಹೇಳಲು ಹೋಗುವವನು ಅವನೇ. ಮೊದಲು ನಡೆದು, ಆಮೇಲೆ ಸೈಕಲ್ಲಿನಲ್ಲಿ, ಈಗ ಯಾರದಾದರೂ ಮೋಟಾರ್ ಸೈಕಲ್ಲಿನ ಹಿಂದೆ ಕುಳಿತು. ನಾನು ಅವನ ಮನೆಯ ಮುಂದೆ ಕುರ್ಚಿ ಬಿಡಿಸಿ ಕುಳಿತೆ.

"ನೀವ ಏನ್ರಿ ಅದನ್ನ ಮಾಡಿದವರು?" ಎಂದ. "ನಲವತ್ತ ವರ್ಷದಾಗ ನಾ ಹೋಗೂಕಿಂತ ಮೊದಲ ಸುದ್ದಿ ಹೋಗಿದ್ದಿಲ್ಲ. ನನ್ನ ಬಾಯಾಗಿನ ಮಾತು ಕಸಗೊಂಡ್ರಿ."

"ತಪ್ಪಾಗೇತಿ. ಹೆಂಗ ಹೇಳತೀರಿ ಅನ್ನೂದು ಕಲಿಯಾಕ ಬಂದೇನಿ."

"ನೋಟಬುಕ್ ತಂದೀರಿ?"

"ತಂದೇನಿ."

"ಅದರಾಗ ಬರಿಯೂವಂಥಾದ್ದು ಏನೂ ಇಲ್ಲ. ಚಾ ಕುಡದು ಹೋಗ್ರಿ."

ಚಹ ಕುಡಿದೆ, ಹೋಗಲಿಲ್ಲ. ಮೂರು ದಿನ ಅವನು ಮೊಣಕಾಲು ನೋವು, ಮಕ್ಕಳು, ಮೆಣಸಿನಕಾಯಿ ಘಾಟು ಇವನ್ನು ಬಿಟ್ಟು ಬೇರೆ ಮಾತಾಡಲಿಲ್ಲ. ನಾಲ್ಕನೆಯ ದಿನ ಓಣಿಯ ಒಬ್ಬ ವೃದ್ಧರು ತೀರಿಕೊಂಡರು. ಅವರ ಅಣ್ಣನ ಮಗಳನ್ನು ಕದರಮಂಡಲಗಿಗೆ ಕೊಟ್ಟಿತ್ತು. ಅವಳನ್ನು ಎತ್ತಿ ಆಡಿಸಿದ ಕಾಕಾ ಅವರು. ಫಕ್ಕೀರಪ್ಪ ಅಂಗಿ ಬದಲಿಸಿ ಹೊರಬಂದು ನನ್ನ ಸ್ಕೂಟರ್ ಕಡೆ ನೋಡಿದ. "ನಡೀರಿ ಸಾಹೇಬ್ರ. ನೋಡ್ರಂತ."

ಊರು ಮುಟ್ಟಿದಾಗ ಹನ್ನೆರಡು ದಾಟಿತ್ತು. ಅವಳ ಮನೆ ಆಂಜನೇಯನ ಗುಡಿಯ ಹಿಂದಿನ ಸಾಲಿನಲ್ಲಿ. ಫಕ್ಕೀರಪ್ಪ ಮನೆಯ ಮುಂದೆ ಹೋಗದೆ ದೂರದಿಂದಲೇ ಒಮ್ಮೆ ನೋಡಿ, ಹಿಂದೆ ತಿರುಗಿ ಎದುರಿನ ಕಟ್ಟೆಯ ಮೇಲೆ ಕುಳಿತ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ನಾನು ಐದು ನಿಮಿಷಕ್ಕೊಮ್ಮೆ ಗಡಿಯಾರ ನೋಡಿದೆ.

"ಆ ಗಡಿಯಾರ ಬಿಚ್ಚಿ ಕಿಸೇದಾಗ ಇಡ್ರಿ" ಎಂದ.

"ಮಣ್ಣು ನಾಲ್ಕಕ್ಕ ಅಂದಾರಲ್ಲ. ತಡಾ ಆಗೂದಿಲ್ಲೇನು?"

"ಆಕಿ ಉಣ್ಣಲಿ. ಸುದ್ದಿ ಮುಟ್ಟಿತಂದ್ರ ಆ ಒಲಿ ಆರತೈತಿ. ಮಣ್ಣಾಗಿ, ಜಳಕಾ ಆಗೂತನಕಾ ಯಾರೂ ಒಂದು ತುತ್ತ ಬಾಯಾಗ ಹಾಕಂಗಿಲ್ಲ. ಬಿಸಲಾಗ ಬರಬೇಕು, ನಿಂದರಬೇಕು, ಅಳಬೇಕು. ಅಳಾಕೂ ಹೊಟ್ಟ್ಯಾಗ ಏನರ ಇರಬೇಕಲ್ರಿ."

ನಾನು ಗಡಿಯಾರ ಬಿಚ್ಚಿ ಕಿಸೆಯಲ್ಲಿಟ್ಟೆ. ಆಗ ಅವನು ತನ್ನ ಕಾಲಿನ ಕಡೆ ನೋಡುತ್ತ ಹೇಳಿದ. ಪ್ರಾಯದಲ್ಲಿದ್ದಾಗ ಒಂದು ಸಲ ಲಗುಬಗೆಯಿಂದ ಹೋಗಿ ಹೊಸ್ತಿಲಲ್ಲೇ ನಿಂತು ಹೇಳಿಬಿಟ್ಟಿದ್ದ. ಬಾಣಂತಿ, ತಾಟಿನ ಮುಂದೆ ಕುಳಿತವಳು, ಹಾಗೇ ಎದ್ದಳು. ಊರು ಮುಟ್ಟುವ ಮೊದಲೇ ದಾರಿಯಲ್ಲಿ ಬಿದ್ದಳು. "ಆ ತಾಟು ಇನ್ನೂ ಕಣ್ಣಾಗ ಐತಿ. ಪುಂಡಿಪಲ್ಲೆ ಹಾಕಿಕೊಂಡಿದ್ದಳು." ಶಕುಂತಲಾ ಲೋಟ ಹಿಡಿದು ನಿಂತದ್ದು ನನ್ನ ಕಣ್ಣಿಗೆ ಬಂತು. ಅಂದು ಅವಳ ಮನೆಗೆ ಹೋಗಿದ್ದವನು ಇವನು. ಬಾಗಿಲು ತೆರೆದಿದ್ದರೆ ಇವನು ಅವಳಿಗೆ ಮೊದಲು ಉಣಿಸುತ್ತಿದ್ದ.

ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಆ ಹೆಣ್ಣುಮಗಳು ಬಂದು ಅಂಗಳದ ಮೂಲೆಯಲ್ಲಿ ಕೈತೊಳೆದಳು. ಫಕ್ಕೀರಪ್ಪ ಎದ್ದ.

"ಊಟ ಆತೇನವಾ?"

"ಈಗ ಆತು ಕಾಕಾ. ಬರ್ರಿ, ನೀವೂ ಉಣಬರ್ರಿ."

"ಒಲ್ಲೆವಾ. ಬಾಗಲಾ ಕೀಲಿ ಹಾಕು, ನಡಿ. ನಿಮ್ಮ ಕಾಕಾಗ ಆರಾಮಿಲ್ಲ."

ಅವಳು ಅವನ ಮುಖವನ್ನೇ ನೋಡಿದಳು. ಒಂದು ಮಾತೂ ಕೇಳದೆ ಒಳಗೆ ಹೋಗಿ ಸೀರೆ ಬದಲಿಸಿ ಬಂದಳು. ಅವಳ ಮೈದುನ ತನ್ನ ಗಾಡಿ ತಂದ. ಅವನ ಹಿಂದೆ ಅವಳು, ನನ್ನ ಹಿಂದೆ ಫಕ್ಕೀರಪ್ಪ, ಜೊತೆಜೊತೆಗೇ ಹೊರಟೆವು. ಅರ್ಧ ದಾರಿಯಲ್ಲಿ ಅವಳು ಗಾಡಿ ನಿಲ್ಲಿಸಲು ಹೇಳಿ ಇಳಿದು, "ಕಾಕಾ, ಖರೇ ಹೇಳ್ರಿ" ಎಂದಳು. ಫಕ್ಕೀರಪ್ಪ ಇಳಿದು ಅವಳ ಹತ್ತಿರ ಹೋಗಿ, "ಹೌದವಾ" ಎಂದ. ಅಲ್ಲೇ ಒಂದು ಬೇವಿನ ಮರದ ಕೆಳಗೆ ಅವಳು ಕುಳಿತು ಅತ್ತಳು. ನಾವು ನಿಂತಿದ್ದೆವು.

"ಆರಾಮಿಲ್ಲ ಅಂದದ್ದು ಸುಳ್ಳಲ್ಲೇನು?" ಎಂದು ನಾನು ಆಮೇಲೆ ಕೇಳಿದೆ.

"ಆಕಿಗೆ ನನ್ನ ಮಾರಿ ನೋಡಿದಾಗಲೇ ಗೊತ್ತಾಗಿತ್ತು. ಗೊತ್ತಾದದ್ದು ಒಳಗ ಇಳಿಯಾಕ ಒಂದೀಟು ದಾರಿ ಬೇಕಲ್ರಿ. ತಾನಾಗೇ ಕೇಳತಾರ. ಕೇಳಿದಾಗ ನಾ ಸುಳ್ಳ ಹೇಳಂಗಿಲ್ಲ."

ಹಾವೇರಿಗೆ ಬಂದು ಹೊಸದಾಗಿ ಬರೆದೆ. ಇನ್ನು ಮುಂದೆ ನಿಧನದ ಸುದ್ದಿ ಹಾಕಿದರೆ ಅದು ಯಾರಿಗೂ ಹೋಗುವುದಿಲ್ಲ. ಮೊದಲು, ಎದುರಿಗೆ ಹೋಗಿ ಹೇಳಬೇಕಾದವರು ಯಾರು ಎಂದು ಕೇಳುತ್ತದೆ. ಮನೆಯವರು ಹೆಸರು ಕೊಡುತ್ತಾರೆ. ಪ್ರತಿ ಹೆಸರಿನ ಮುಂದೆ, ಹೇಳುವವರು ಯಾರು ಎಂದು ಇನ್ನೊಂದು ಹೆಸರು. ಆ ಹೇಳುವವರು ಹೋಗಿ, ಹೇಳಿ, ತಮ್ಮ ಮೊಬೈಲಿನಲ್ಲಿ "ಹೇಳಿ ಬಂದೆ" ಎಂದು ಒತ್ತಬೇಕು. ಪಟ್ಟಿಯ ಕಡೆಯ ಹೆಸರಿಗೂ ಅದು ಬಿದ್ದ ಮೇಲೆ ಮಾತ್ರ ಸುದ್ದಿ ಓಣಿಗೆ ಬಿಡುಗಡೆ. ಅಲ್ಲಿಯವರೆಗೆ ಕಾಯುತ್ತದೆ. ಹೇಳುವವರ ಪಟ್ಟಿ ಎಂದು ಊರೂರಿಗೆ ಒಂದನ್ನು ಮಾಡಿದೆವು.

ನನಗೆ ಚೌಕ ಹಾಕಿ ಗುರುತು ಹಾಕಿಸುವುದೆಂದರೆ ಇಷ್ಟ. "ಊಟ ಆಗಿದೆಯೇ" ಎಂದೂ ಒಂದು ಚೌಕ ಹಾಕಿದ್ದೆ. ಫಕ್ಕೀರಪ್ಪನಿಗೆ ತೋರಿಸಿದಾಗ ಅವನು ನಕ್ಕ. ಅವನು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಉಂಡಿಯೇನು ಅಂತ ಕೇಳೂದನ್ನೂ ಇದಕ್ಕ ಹಚ್ಚತೀರೇನು ಸಾಹೇಬ್ರ? ಮತ್ತ ನಾ ಯಾಕ ಹೋಗಲಿ?" ಚೌಕ ತೆಗೆದೆ. ಹೇಳುವವರ ಪರದೆಯ ಮೇಲೆ ಒಂದು ಸಾಲು ಉಳಿಸಿದೆ: ಅವರ ಊಟ ಆಗಿದೆಯೇ ನೋಡಿ. ಅದರ ಮುಂದೆ ಒತ್ತುವುದಕ್ಕೆ ಏನೂ ಇಲ್ಲ.

ಮೇಡಂ ಕೆಂಪು ಪೆನ್ಸಿಲ್ ಎತ್ತಿಕೊಂಡು ಎರಡು ಸಲ ಓದಿ, ಹಾಗೇ ಕೆಳಗಿಟ್ಟರು.

ಇದರಿಂದ ಎಲ್ಲ ನೇರವಾಯಿತು ಎಂದು ತಿಳಿಯಬೇಡಿ. ಸುದ್ದಿ ತಡವಾಗುತ್ತದೆ ಎಂದು ಎಷ್ಟೋ ಓಣಿಗಳು ಬೇಸರಪಟ್ಟವು. ಬೇರೆ ಮೊಬೈಲ್ ಗುಂಪುಗಳಲ್ಲಿ ಮೊದಲೇ ಹಾಕಿಬಿಡುವವರು ಇದ್ದರು, ಈಗಲೂ ಇದ್ದಾರೆ. ಬ್ಯಾಡಗಿಯ ಆ ಓಣಿಯವರು ಮಾತ್ರ ಸೇರಿ ಮಾತಾಡಿ, ಹೇಳಿ ಮುಗಿಯುವವರೆಗೆ ಯಾವ ಗುಂಪಿನಲ್ಲೂ ಹಾಕುವುದಿಲ್ಲ ಎಂದು ನಿರ್ಧರಿಸಿದರು. ಅದನ್ನು ಮೊದಲು ಹೇಳಿದವನು ಅಂದು ಗುಂಡಿ ಒತ್ತಿದ್ದ ಆ ಅಂಗಡಿಯವನು.

ನಾನು ಕುಪ್ಪೇಲೂರಿಗೆ ಹೋಗಿ ಶಕುಂತಲಾಗೆ ಹೊಸ ಪರದೆಗಳನ್ನು ತೋರಿಸಿದೆ. ಅಂಗನವಾಡಿಯಲ್ಲಿ ಮಕ್ಕಳು ಮಲಗಿದ್ದರು. ಅವಳು ಒಂದೊಂದನ್ನೂ ನಿಧಾನವಾಗಿ ನೋಡಿದಳು. ಊಟದ ಸಾಲಿನ ಹತ್ತಿರ ನಿಂತಳು.

"ಛಲೋ ಮಾಡೀರಿ ಸರ್" ಎಂದಳು. "ನನ್ನ ಹೆಸರು ಹಾಕಬ್ಯಾಡ್ರಿ."

ನಾನು ಒತ್ತಾಯ ಮಾಡಲಿಲ್ಲ. ಅವಳಿಗೆ ಬೇಕಾಗಿದ್ದ ಪರದೆ ನನ್ನ ಕೈಯಲ್ಲಿರಲಿಲ್ಲ. ಅವಳ ತಾಯಿ ಬ್ಯಾಡಗಿಯಲ್ಲಿ ಜೀವಂತ ಇದ್ದಳು. ನಾನು ಮಾಡಿದ್ದು ಸರಿಯೋ ಅಲ್ಲವೋ ಎಂಬುದು ಆ ತಾಯಿಯ ಕಡೆಯ ದಿನದವರೆಗೆ ಗೊತ್ತಾಗುವಂತಿರಲಿಲ್ಲ. ಎರಡು ವರ್ಷ ನಾನು ಬೆಳಿಗ್ಗೆ ಕಚೇರಿಗೆ ಬಂದು ಮೊದಲು ನೋಡುತ್ತಿದ್ದದ್ದು ಬ್ಯಾಡಗಿಯ ಆ ಓಣಿಯನ್ನು.

ಒಂದು ಬೆಳಿಗ್ಗೆ ಅಲ್ಲಿ ಸುದ್ದಿ ಕಾಯುತ್ತ ನಿಂತಿತ್ತು. ಎದುರಿಗೆ ಹೇಳಬೇಕಾದವರು: ಶಕುಂತಲಾ. ಹೇಳುವವರು: ಫಕ್ಕೀರಪ್ಪ. ನಾನು ಬೇರೆ ಕೆಲಸ ಮಾಡಲಾಗದೆ ಅದನ್ನೇ ನೋಡುತ್ತ ಕುಳಿತೆ. ಕುಪ್ಪೇಲೂರಿಗೆ ಹೋಗಲು ಬೇಕಾಗುವ ಹೊತ್ತು ಮುಗಿಯಿತು. ಇನ್ನರ್ಧ ತಾಸು ಕಳೆಯಿತು. ಏನೂ ಬರಲಿಲ್ಲ. ಎಂಜಿನಿಯರ್ ಒಬ್ಬ ಬಂದು, "ಸರ್, ಕೆಟ್ಟಿರಬೇಕು, ನಾವೇ ಬಿಡುಗಡೆ ಮಾಡೂಣೇನು?" ಎಂದ. "ಮುಟ್ಟಬ್ಯಾಡ" ಎಂದೆ. ಅವಳು ಉಣ್ಣುತ್ತಿರಬೇಕು ಎಂದುಕೊಂಡೆ. ಆಮೇಲೆ "ಹೇಳಿ ಬಂದೆ" ಎಂದು ಬಿತ್ತು.

ದಿನಕರ್ಮಗಳು ಮುಗಿದ ಮೇಲೆ ಅವಳ ಫೋನ್ ಬಂತು.

"ಫಕ್ಕೀರಪ್ಪ ಕಾಕಾ ಅಂಗನವಾಡಿ ಬಾಗಲಾಗ ಬಂದು ಕುಂತಿದ್ದರು ಸರ್. ಮಕ್ಕಳಿಗೆ ಉಣಿಸೂದು ಮುಗಿಸು, ನೀನೂ ಉಣ್ಣು ಅಂದರು. ನಾ ಉಂಡೆ. ಅವ್ವನ್ನ ಎತ್ತೂಮುಂದ ನಾ ನಿಂತಿದ್ದೆ. ಕಡೀತನಕಾ ಮುಖಾ ನೋಡಿದೆ."

ಆಮೇಲೆ ಹೇಳಿದಳು. "ನನ್ನ ಹೆಸರು ಹಾಕ್ರಿ. ತವರಿನ ಪಟ್ಟ್ಯಾಗ ಬ್ಯಾಡ, ಅಲ್ಲಿ ಈಗ ಅಪ್ಪನೂ ಇಲ್ಲ, ಅವ್ವನೂ ಇಲ್ಲ. ಕುಪ್ಪೇಲೂರಿನ ಹೇಳೂವರ ಪಟ್ಟ್ಯಾಗ ಹಾಕ್ರಿ. ಕಾಕಾನ ಕಾಲು ಇನ್ನ ನಡಿಯಂಗಿಲ್ಲ, ಈ ಕಡೆ ಸುದ್ದಿ ನಾ ಹೇಳತೇನಿ."

ಅದಾದ ಮರುವರ್ಷ ನಾನು ನಿವೃತ್ತನಾದೆ. ಕುರ್ಚಿಯನ್ನು ಕಚೇರಿಯಲ್ಲೇ ಬಿಟ್ಟು ಬಂದೆ. ನೀವು ಕೇಳಿದರೆ ಕೊಡುತ್ತಾರೆ.

ಕಳೆದ ಶ್ರಾವಣದಲ್ಲಿ ಒಂದು ದಿನ, ಹನ್ನೆರಡೂವರೆಗೆ ಐದು ನಿಮಿಷ ಇರುವಾಗ ನಾನು ಕೈತೊಳೆದು ಬಂದು ಕುಳಿತಿದ್ದೆ. ಗಿರಿಜಾ ಎಣ್ಣೆಗಾಯಿ ಬಡಿಸುತ್ತಿದ್ದಳು. ಫೋನ್ ಬಂತು. ಶಕುಂತಲಾ.

"ಸರ್, ಅಕ್ಕಾರ ಊಟ ಆತೇನ್ರಿ?"

ಅವಳು ಎಂದೂ ಆ ಹೊತ್ತಿಗೆ ಫೋನ್ ಮಾಡುವವಳಲ್ಲ. ಗಿರಿಜಾಳ ಊಟ ಕೇಳಿದಳು, ನನ್ನದು ಆಯಿತೇ ಎಂದು ಕೇಳಲಿಲ್ಲ.

"ಇಲ್ಲ. ಈಗ ಕುಂದ್ರಾಕತ್ತೇವಿ" ಎಂದೆ.

"ಊಟ ಮುಗಿಸ್ರಿ ಸರ್. ಆಮ್ಯಾಲೆ ನೀವ ಫೋನ್ ಹಚ್ಚರಿ. ಇಲ್ಲಿಂದ ಬ್ಯಾರೆ ಯಾರೂ ಮಾಡಂಗಿಲ್ಲ, ನಾ ನೋಡಿಕೊಂಡೇನಿ."

ಗಿರಿಜಾಳ ಅಣ್ಣ ವೀರಭದ್ರಪ್ಪನಿಗೆ ಎಂಟು ದಿನದಿಂದ ಎದೆನೋವು ಇತ್ತು. ಕುಪ್ಪೇಲೂರಿನಲ್ಲಿ ಹೇಳುವವಳು ಶಕುಂತಲಾ. ಹಾವೇರಿಯಲ್ಲಿ ಗಿರಿಜಾಗೆ ಹೇಳುವವನು ನಾನು. ಕೇಳುವಂಥದು ಏನೂ ಉಳಿದಿರಲಿಲ್ಲ.

"ಯಾರದ್ರಿ ಫೋನು?"

"ಆಫೀಸಿನ್ಯಾಗಿನವರು. ಏನೋ ಕೇಳಾಕತ್ತಿದ್ದರು. ಬಾ, ನೀನೂ ಕುಂದ್ರು."

ನಾನು ರೊಟ್ಟಿ ಮುರಿದೆ. ಎಣ್ಣೆಗಾಯಿಗೆ ಉಪ್ಪು ಎಷ್ಟಿತ್ತು ಎಂದು ಇಂದಿಗೂ ಹೇಳಲಾರೆ. ಎರಡನೆಯ ರೊಟ್ಟಿ ಮುಗಿಯುವಾಗ ನೋಡಿದರೆ ಅವಳು ಒಂದೇ ರೊಟ್ಟಿ ಉಂಡು ಕೈ ನಿಲ್ಲಿಸಿದ್ದಳು. ನಾನು ಎದ್ದರೆ ಅವಳೂ ಏಳುತ್ತಾಳೆ. ಮುಂದೆ ಬಸ್ಸು ಇದೆ, ಬಿಸಿಲು ಇದೆ, ಸಂಜೆಯವರೆಗೂ ಇದೆ.

"ಇನ್ನೊಂದು ಹಾಕು" ಎಂದೆ. "ನೀನೂ ಅರ್ಧಾ ತಗೋ."

ಅವಳು ನನ್ನನ್ನು ಒಮ್ಮೆ ನೋಡಿದಳು. ರೊಟ್ಟಿ ತಂದು ನನಗೆ ಹಾಕಿದಳು, ತಾನೂ ಹಾಕಿಕೊಂಡಳು. ಅರ್ಧ ಅಲ್ಲ, ಇಡೀ. ಇಬ್ಬರೂ ಉಂಡೆವು. ಮೇಲೆ ಮೊಸರನ್ನ ಉಂಡಳು. ತಾಟು ತೊಳೆದಳು, ಒಲೆಕಟ್ಟೆ ಒರೆಸಿದಳು, ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು ನನ್ನೆದುರು ಕುಳಿತಳು.

"ಈಗ ಹೇಳ್ರಿ. ಅಣ್ಣ ಏನು?"

"ಹೌದು" ಎಂದೆ.

ಬಸ್ಸು ಹಾವೇರಿ ಬಿಟ್ಟ ಮೇಲೆ ನಾನು ಕನ್ನಡಕ ಹಾಕಿ ಮೊಬೈಲ್ ತೆಗೆದೆ. ಕುಪ್ಪೇಲೂರಿನ ಕಟ್ಟೆಯಲ್ಲಿ ಸುದ್ದಿ ಇನ್ನೂ ಕಾಯುತ್ತ ನಿಂತಿತ್ತು. ಎಲ್ಲ ಹೆಸರಿನ ಮುಂದೆಯೂ ಗುರುತು ಬಿದ್ದಿತ್ತು, ಒಂದನ್ನು ಬಿಟ್ಟು. ಗಿರಿಜಾ, ಹೇಳುವವರು ಗಂಡ. ನಾನೇ ಬರೆದ ಗುಂಡಿಯನ್ನು ನಾನು ಮೊದಲ ಸಲ ಒತ್ತಿದೆ.

"ಎಲ್ಲಾರಿಗೂ ಹೋತೇನ್ರಿ?" ಎಂದು ಗಿರಿಜಾ ಕೇಳಿದಳು.

"ಹೋತು."

ಅವಳು ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದಳು. ರಾಣೆಬೆನ್ನೂರು ಹತ್ತಿರ ಬಂದಾಗ ಕಣ್ಣು ಒರೆಸಿಕೊಂಡು ಹೇಳಿದಳು. "ಮೂರನೇ ರೊಟ್ಟಿ ಕೇಳಿದ್ರಲ್ಲ, ಅವಾಗ ಗೊತ್ತಾತು. ಇಷ್ಟ ವರ್ಷದಾಗ ಒಂದ ದಿನಾ ಕೇಳಿದವರಲ್ಲ ನೀವು."

"ಮತ್ತ ಅವಾಗ ಯಾಕ ಕೇಳಲಿಲ್ಲ?"

"ನೀವು ನನಗ ಉಣಿಸಾಕತ್ತಿದ್ರಿ" ಎಂದಳು. "ನಡುವ ಹೆಂಗ ಏಳಲಿ?"